ಪುಕ್ಕಟೆ ಸಾಫ್ಟ್‌ವೇರಿಗೆ ದುಡ್ಡು ಕೊಡುವವರು ಯಾರು?

ದಾವಣಗೆರೆಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಓದುಗರೊಬ್ಬರು ಕೇಳಿದ್ದಾರೆ: “ದಿನಕ್ಕೊಂದು ದುಡ್ಡಿನ ಸಾಫ್ಟ್‌ವೇರನ್ನು ಪುಕ್ಕಟೆ ಹಂಚುವ ತಾಣದಿಂದ ಅಳಿಸಿಹೋದ ಫೋಟೋ ಮರಳಿ ತೆಗೆಯುವ ಪ್ರೋಗ್ರಾಂ ಹಾಕಿಕೊಂಡಿದ್ದೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ ಮೇಲೆ ಅದೇ ಫೈಲ್ ಇನ್‌ಸ್ಟಾಲ್ ಆಗುತ್ತಿಲ್ಲ. ಇವರಿಗೆ ಲಾಭವೆಲ್ಲಿಂದ? ಬರೆದವರಿಗೆ ದುಡ್ಡು ಸಿಗುತ್ತದೆಯೇ?”

ಸಂಪಾದಕರ ಉತ್ತರ: ನಿಮ್ಮ ಫೈಲ್ ಕೆಟ್ಟಿಲ್ಲ, ಅದರ ಗಡುವು ಮುಗಿದಿದೆ. 2006ರಿಂದ ನಡೆಯುತ್ತಿರುವ ‘ಗಿವ್‌ಅವೇ ಆಫ್ ದಿ ಡೇ’ಯಂಥ ತಾಣಗಳಲ್ಲಿ ಡೌನ್‌ಲೋಡ್ ಮಾಡಿದರಷ್ಟೇ ಸಾಲದು, ಆ ದಿನವೇ ಇನ್‌ಸ್ಟಾಲ್ ಮಾಡಿ ಆಕ್ಟಿವೇಟ್ ಮಾಡಿಕೊಳ್ಳಬೇಕು. ಸೆಟಪ್ ಫೈಲ್ ಸರ್ವರನ್ನು ಕೇಳಿಯೇ ಮುಂದುವರಿಯುತ್ತದೆ. ಗಡುವು ಮೀರಿದ್ದರೆ ನಿಂತುಬಿಡುತ್ತದೆ. ಮುಂದೆ ಹೀಗಾಗಬಾರದೆಂದರೆ, ಇನ್‌ಸ್ಟಾಲ್ ಆದ ಕೂಡಲೇ ಕ್ಲೋನ್‌ಜಿಲ್ಲಾ ಎಂಬ ಪುಕ್ಕಟೆ ಪ್ರೋಗ್ರಾಂನಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾವತ್ ನಕಲು, ತೆಗೆದು ಬೇರೆ ಡ್ರೈವ್‌ನಲ್ಲಿಡಿ. ಆದರೂ ಮದರ್‌ಬೋರ್ಡ್ ಬದಲಾದರೆ ಲೈಸೆನ್ಸ್ ಕೈಕೊಡಬಹುದು.

ಇನ್ನು ದುಡ್ಡಿನ ಮಾತು. ಇಂಥ ಹಂಚಿಕೆಯಲ್ಲಿ ಸಾಮಾನ್ಯವಾಗಿ ಪ್ರತಿಯೊಂದಕ್ಕೆ ಇಂತಿಷ್ಟು ಎಂದು ಡೆವಲಪರ್‌ಗೆ, ಅಂದರೆ ಸಾಫ್ಟ್‌ವೇರ್ ಬರೆದವರಿಗೆ, ಸಿಗುವುದಿಲ್ಲ. ಅವರು ಎದುರು ನೋಡುವುದು ಮುಂದಿನ ಮಾರಾಟವನ್ನು. ಕೊಟ್ಟ ಆವೃತ್ತಿಗೆ ಅಪ್‌ಡೇಟ್ ಇಲ್ಲ, ಸಹಾಯವೂ ಇಲ್ಲ. ಹೊಸದು ಬೇಕಾದರೆ ಕೊಳ್ಳಬೇಕು. ಅರ್ಥವಾಗಲೆಂದು ಒಂದು ಲೆಕ್ಕ ಹಾಕೋಣ. 20,000 ಜನ ಇಳಿಸಿಕೊಂಡು, ಅವರಲ್ಲಿ ನೂರಕ್ಕೊಬ್ಬರು 20 ಡಾಲರ್ ಕೊಟ್ಟು ಹೊಸ ಆವೃತ್ತಿ ಕೊಂಡರು ಎನ್ನಿ. ಬಂದದ್ದು 4,000 ಡಾಲರ್. ತಾಣದ ಕಮಿಷನ್ 30% ಆದರೆ 1,200, ಹಣ ವಸೂಲಿ ಮಾಡುವ ಕಂಪನಿಯ ಪಾಲು 5% ಆದರೆ 200. ಬರೆದವರಿಗೆ ಉಳಿಯುವುದು 2,600. ತಾಣದ ಲಿಂಕಿನಲ್ಲೇ ಅದರ ಗುರುತು ಸಂಖ್ಯೆ ಇರುವುದರಿಂದ ಯಾವ ಗಿರಾಕಿ ಎಲ್ಲಿಂದ ಬಂದ ಎಂಬುದು ಗೊತ್ತಾಗಿ, ಪಾಲು ತಾನಾಗಿಯೇ ಬೇರೆಯಾಗುತ್ತದೆ. ಇದರ ಜೊತೆಗೆ ತಾಣಕ್ಕೆ ಜಾಹೀರಾತಿನ ಆದಾಯವೂ ಉಂಟು. ಲೈಸೆನ್ಸ್ ಕೀ ಕಳಿಸಲು ಇಮೇಲ್ ಕೇಳುವುದೂ ವ್ಯಾಪಾರಕ್ಕಾಗಿಯೇ: ಆ ಪಟ್ಟಿಗೆ ವರ್ಷಗಟ್ಟಲೆ ರಿಯಾಯಿತಿ ಪತ್ರಗಳು ಹೋಗುತ್ತಿರುತ್ತವೆ.

ಹಂಚುವವರೇ ಕೈಯಿಂದ ಹಾಕುವುದೂ ಉಂಟು. ಕಂಪ್ಯೂಟರ್ ಆಟಗಳನ್ನು ಮಾರುವ ಎಪಿಕ್ ಗೇಮ್ಸ್ ಆನ್‌ಲೈನ್ ಅಂಗಡಿಯ ಲೆಕ್ಕ 2021ರಲ್ಲಿ ಆಪಲ್ ಜೊತೆಗಿನ ಮೊಕದ್ದಮೆಯಿಂದಾಗಿ ಹೊರಬಿತ್ತು. 2018ರ ಡಿಸೆಂಬರಿನಿಂದ 2019ರ ಸೆಪ್ಟೆಂಬರ್‌ವರೆಗೆ 38 ಆಟಗಳನ್ನು ಪುಕ್ಕಟೆ ಕೊಡಲು ಅದು ಆಟ ಮಾಡಿದವರಿಗೆ ಕೊಟ್ಟದ್ದು ಸುಮಾರು 1.16 ಕೋಟಿ ಡಾಲರ್. ‘ಸಬ್‌ನಾಟಿಕಾ’ ಒಂದಕ್ಕೇ 14 ಲಕ್ಷ. ಬದಲಿಗೆ ಬಂದ ಹೊಸ ಖಾತೆಗಳು ಸುಮಾರು 50 ಲಕ್ಷ. ತಲಾ ಎರಡೂಕಾಲು ಡಾಲರಿನ ಆಸುಪಾಸಿನಲ್ಲಿ ಒಬ್ಬೊಬ್ಬ ಗಿರಾಕಿ ಸಿಕ್ಕಂತಾಯಿತು. ಡೆವಲಪರ್ ಮಟ್ಟಿಗೆ ನಮ್ಮ ದೃಷ್ಟಿಯಲ್ಲಿ ಇದೇ ನ್ಯಾಯವಾದ ದಾರಿ: ಮೊತ್ತ ಮೊದಲೇ ಗೊತ್ತು, ಮುಂದೆ ಮಾರಾಟ ಆದೀತೋ ಇಲ್ಲವೋ ಎಂಬ ಚಿಂತೆ ಅವರಿಗಿಲ್ಲ.

ನೀವು ನಿಜಕ್ಕೂ ಹೆದರಬೇಕಾದದ್ದು ಇನ್‌ಸ್ಟಾಲ್‌ಗೆ ಇಷ್ಟು ಎಂದು ದುಡ್ಡು ಪಡೆಯುವ ದಂಧೆಗೆ. ಒಳ್ಳೆಯ ಸಾಫ್ಟ್‌ವೇರಿನ ಸುತ್ತ ಇನ್ನೊಂದು ಸೆಟಪ್ ಸುತ್ತಿ, ಟೂಲ್‌ಬಾರ್, ಜಾಹೀರಾತು ತೋರಿಸುವ ಆ್ಯಡ್‌ವೇರ್ ತುರುಕುತ್ತಾರೆ. 2011ರಲ್ಲಿ ಡೌನ್‌ಲೋಡ್ ಡಾಟ್ ಕಾಮ್ ತಾಣ ನೆಟ್‌ವರ್ಕ್ ಪರೀಕ್ಷಿಸುವ ಎನ್‌ಮ್ಯಾಪ್ ಎಂಬ ಸಾಫ್ಟ್‌ವೇರಿಗೆ ಹೀಗೆ ಮಾಡಿ ಅದನ್ನು ಬರೆದವರ ಸಿಟ್ಟಿಗೆ ಗುರಿಯಾಯಿತು. ಮುಕ್ತ ಸಾಫ್ಟ್‌ವೇರ್ ಹಂಚುವ ತಾಣ ಸೋರ್ಸ್‌ಫೋರ್ಜ್ 2013ರಲ್ಲಿ ಈ ಆದಾಯವನ್ನು ಡೆವಲಪರ್‌ಗಳೊಂದಿಗೆ ಹಂಚಿಕೊಳ್ಳುವ ಯೋಜನೆ ತಂದಿತು. ಅದೇ ವರ್ಷ, ಚಿತ್ರ ತಿದ್ದುವ ಮುಕ್ತ ಸಾಫ್ಟ್‌ವೇರ್ ಗಿಂಪ್‌ನ ತಂಡ ಅಲ್ಲಿಂದ ಹೊರನಡೆಯಿತು. 2016ರಲ್ಲಿ ಹೊಸ ಮಾಲೀಕರು ಬಂದು ಯೋಜನೆಯನ್ನು ನಿಲ್ಲಿಸಿದರು. ಹಾಗಾಗಿ ಸೆಟಪ್‌ನಲ್ಲಿ ‘ಕಸ್ಟಮ್’ ಆರಿಸಿ, ಮೊದಲೇ ಹಾಕಿಟ್ಟ ಟಿಕ್‌ಗಳನ್ನೆಲ್ಲ ತೆಗೆದೇ ಮುಂದೆ ಹೋಗಿ. ಸಂಶಯವಿದ್ದರೆ ಫೈಲನ್ನು ಮೊದಲು ವೈರಸ್ ಪರೀಕ್ಷಿಸುವ ತಾಣ ವೈರಸ್‌ಟೋಟಲ್‌ಗೆ ಹಾಕಿ ನೋಡಿ.

ಇನ್ನೊಂದು ಮಾತು ನಿಮ್ಮ ಸ್ಟುಡಿಯೋಗೇ ಸಂಬಂಧಿಸಿದ್ದು. ಪುಕ್ಕಟೆ ಹಂಚಿದ ಪ್ರತಿಗಳ ಲೈಸೆನ್ಸ್ ಬಹುಪಾಲು ಸ್ವಂತ ಬಳಕೆಗೆ ಮಾತ್ರ. ಗಿರಾಕಿಗಳ ಕೆಲಸಕ್ಕೆ ಬಳಸಿದರೆ ಷರತ್ತು ಮುರಿದಂತೆ. ಅಳಿಸಿಹೋದ ಫೋಟೋ ಮರಳಿ ತೆಗೆಯಲು ನಿಮಗೆ ಒಪ್ಪುವುದು ಫೋಟೋರೆಕ್: ಮುಕ್ತ ಸಾಫ್ಟ್‌ವೇರ್, ವ್ಯಾಪಾರಕ್ಕೂ ಬಳಸಬಹುದು, ಗಡುವಿನ ಕಾಟವಿಲ್ಲ. ಅದನ್ನು ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಿ. ಫೋಟೋ ಅಳಿಸಿಹೋದ ಕ್ಷಣದಿಂದ ಕ್ಯಾಮೆರಾದ ಆ ಮೆಮೊರಿ ಕಾರ್ಡಿನಲ್ಲಿ ಹೊಸ ಫೋಟೋ ಯಾವುದನ್ನೂ ತೆಗೆಯಬೇಡಿ. ಮರಳಿ ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಲೂ ಬೇಡಿ, ಇನ್ನೂ ಸಿಗಬೇಕಾದ ಫೋಟೋಗಳ ಮೇಲೆಯೇ ಅದು ಬರೆದುಕೊಂಡುಬಿಡುತ್ತದೆ.