ಜಮೀನು ಖಾತೆಗೆ ಒಪ್ಪದ ಅಪ್ಪನಿಗೆ ಬುದ್ಧಿ ಬರಲಿ ಅಂತ ‘ತಿಥಿ’ ಸಿನಿಮಾ ತೋರಿಸಬಹುದಾ?

ತೋರಿಸಿ. ಆದರೆ ಬುದ್ಧಿ ಬರಲಿ ಅಂತ ಬೇಡ. ತಾತನ ಹೆಸರಲ್ಲೇ ಉಳಿದ ಜಮೀನು, ನಾಡಕಚೇರಿ ಅಂದರೆ ಎದ್ದು ಹೋಗುವ ಅಪ್ಪ, ಎಲ್ಲ ನಮ್ಮ ಮನೆಯಲ್ಲೂ ಆದದ್ದೇ.

ತಾತ ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಕೆಲಸ, ಮಾಡಿಸಲಿಲ್ಲ. ನಾವು ಕೆಟ್ಟಿದ್ದು ಅಲ್ಲೇ. ಉಳುಮೆ ನಮ್ಮದು, ಪಹಣಿಯಲ್ಲಿ ಹೆಸರು ತಾತನದು. ಸೊಸೈಟಿಯಲ್ಲಿ ಬೆಳೆ ಸಾಲ ಹುಟ್ಟಲಿಲ್ಲ. ಅಷ್ಟರಲ್ಲಿ ದೊಡ್ಡತ್ತೆ ಹೋದರು. ಅವರೊಬ್ಬರ ಸಹಿ ಸಾಕಾಗುತ್ತಿದ್ದ ಕಡೆ ಈಗ ಅವರ ಮಕ್ಕಳೆಲ್ಲರ ಸಹಿ ಬೇಕು. ವಂಶವೃಕ್ಷ ಮತ್ತೆ ಮಾಡಿಸಬೇಕು. ಒಬ್ಬ ಮುಂಬೈನಲ್ಲಿದ್ದಾನೆ, ಇನ್ನೊಬ್ಬಳಿಗೆ ನಮ್ಮ ಮೇಲೆ ಮುನಿಸು. ಒಂದು ಸಾವಿಗೆ ಕಾಗದ ಮಾಡಿಸದಿದ್ದರೆ ಮುಂದಿನ ಒಂದೊಂದು ಸಾವಿಗೂ ಗಂಟು ಬಿಗಿಯುತ್ತಾ ಹೋಗುತ್ತದೆ.

ಅಪ್ಪ ಸೋಮಾರಿ ಅಂತಲೇ ಎಲ್ಲರೂ ಬೈದೆವು. ನಿಜ ಹೇಳಿದ್ದು ಚಿಕ್ಕತ್ತೆ. ಮೊದಲು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸು ಅಂತ ಚಿಕ್ಕಪ್ಪಂದಿರು ಹಠ ಹಿಡಿದಿದ್ದರಂತೆ. ಅಕ್ಕತಂಗಿಯರನ್ನು ಹಾಗೆ ಕೇಳಲು ಅಪ್ಪನಿಗೆ ಬಾಯಿ ಬರಲಿಲ್ಲ.

ಇನ್ನು ಸಿನಿಮಾ. ರಾಮ್ ರೆಡ್ಡಿ ಅದನ್ನು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಳ್ಳಿಯವರನ್ನೇ ಹಾಕಿಕೊಂಡು ತೆಗೆದಿದ್ದಾರೆ. ಜೊತೆಗೆ ಕಥೆ ಬರೆದ ಈರೇಗೌಡರ ಊರದು. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಜಮೀನು ಮಗ ಗಡ್ಡಪ್ಪನಿಗೆ ಬರಬೇಕು. ಅವನಿಗೆ ಬೇಡ. ಟೈಗರ್ ಬ್ರಾಂದಿ ಕುಡಿದುಕೊಂಡು ಅಲೆಯುತ್ತಾನೆ. ಗಡ್ಡಪ್ಪನ ಮಗ ತಮ್ಮಣ್ಣ ಲಂಚ ಕೊಟ್ಟು, ಬದುಕಿರುವ ಅಪ್ಪನಿಗೇ ಮರಣ ಪ್ರಮಾಣ ಪತ್ರ ಮಾಡಿಸುತ್ತಾನೆ. ಜನ ಜಾಸ್ತಿ ನಗುವುದು ಇಲ್ಲೇ. ನನಗೆ ಅಳು ಬಂದದ್ದು ಬೇರೆ ಕಡೆ. ತಾನೇಕೆ ಹೀಗಾದೆ ಅಂತ ಗಡ್ಡಪ್ಪ ಬಾಯಿಬಿಡುವುದು ಮಗನ ಮುಂದಲ್ಲ, ಎಲ್ಲಿಂದಲೋ ಬಂದ ಕುರಿಗಾಹಿಗಳ ಮುಂದೆ.

ಹಾಗಾಗಿ ಮೊದಲು ನೀವೊಬ್ಬರೇ ನೋಡಿ. ನಿಮ್ಮ ಲೆಕ್ಕದಲ್ಲಿ ತಿದ್ದಿಕೊಳ್ಳಬೇಕಾದವರು ಅಪ್ಪ, ಅಲ್ವಾ? ನನ್ನ ಪ್ರಕಾರ ಅದು ಮಕ್ಕಳು ನೋಡಬೇಕಾದ ಸಿನಿಮಾ. ಯಾಕೆ ಬೇಡ ಅಂತ ಅಪ್ಪನನ್ನೇ ಕೇಳಿ, ಕೇಳಿ ಸುಮ್ನೆ ಕೂತಿರಿ. ಅತ್ತೆಯಂದಿರಿದ್ದರೆ ಅವರ ಪಾಲಿನ ಮಾತನ್ನು ನೀವೇ ಮೊದಲು ಎತ್ತಿ. ಕಾನೂನು ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿದೆ, ನೀವು ಕೊಡುವ ದಾನವಲ್ಲ ಅದು. ಆಮೇಲೆ ತಾತನ ಮರಣ ಪ್ರಮಾಣ ಪತ್ರ, ವಂಶವೃಕ್ಷ ಹಿಡಿದು ಅಪ್ಪನ ಜೊತೆಯಲ್ಲೇ ನಾಡಕಚೇರಿಗೆ ಹೋಗಿ. ಅತ್ತೆಯಂದಿರು ಗಟ್ಟಿಯಾಗಿರುವಾಗಲೇ ಹೋಗಿ.