"ಸ್ವಂತ ವಿಚಾರ ಎಲ್ಲಿ?" ಅಂತ ಕೆಂಪು ಇಂಕಲ್ಲಿ ಬರೆದ್ರೆ ಏನ್ ಮಾಡೋದು

ಪ್ರಶ್ನೆ: ಮೇಡಂ, ನಾನು ಬಿಎ ಎರಡನೇ ಸೆಮ್. ಹಿಸ್ಟರಿ, ಎಕನಾಮಿಕ್ಸ್, ಐಚ್ಛಿಕ ಕನ್ನಡ. ಪಿಯುಸಿಲಿ 91 ಪರ್ಸೆಂಟ್ ಬಂದಿತ್ತು, ಎಲ್ಲಾ ಉರು ಹೊಡೆದೇ. ಈಗ ಅಸೈನ್‌ಮೆಂಟ್ ಎಷ್ಟು ನೀಟಾಗಿ ಬರೆದ್ರೂ ಲೆಕ್ಚರರ್ "ಸ್ವಂತ ವಿಚಾರ ಎಲ್ಲಿ?" ಅಂತ ಕೆಂಪು ಇಂಕಲ್ಲಿ ಬರೆದು ವಾಪಸ್ ಕೊಡ್ತಾರೆ. ದೊಡ್ಡ ದೊಡ್ಡ ವಿದ್ವಾಂಸರು ಹೇಳಿರೋದ್ರ ಮೇಲೆ ನಾನೇನು ವಿಚಾರ ಮಾಡ್ಲಿ? ಕ್ರಿಟಿಕಲ್ ಥಿಂಕಿಂಗ್ ಅಂದ್ರೆ ಎಲ್ಲದ್ರಲ್ಲೂ ತಪ್ಪು ಹುಡುಕೋದಾ?
– ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: ತಪ್ಪು ಹುಡುಕೋದೇ ಆಗಿದ್ರೆ ನಮ್ಮ ಬೀದಿ ಕೊನೆ ಮನೆ ಅಜ್ಜಿಗೆ ಯಾವತ್ತೋ ಡಾಕ್ಟರೇಟ್ ಸಿಗ್ಬೇಕಿತ್ತಮ್ಮ. ನೀನು ಕೇಳ್ಬೇಕಾಗಿರೋದು ಒಂದೇ, "ಇದು ಇವ್ರಿಗೆ ಹೇಗೆ ಗೊತ್ತಾಯ್ತು?" ಅಂತ. ಆದ್ರೆ ಆ ಪ್ರಶ್ನೆಗೆ ಉತ್ತರ ಸಿಗೋ ಜಾಗ ಸಬ್ಜೆಕ್ಟಿಂದ ಸಬ್ಜೆಕ್ಟಿಗೆ ಬೇರೆ, ಎಲ್ಲಾರೂ ಎಡವೋದು ಅಲ್ಲೇ.

ನಿನ್ನ ಕನ್ನಡದ್ದೇ ತಗೋ. ಕವಿರಾಜಮಾರ್ಗ ಬರೆದವ್ರು ಯಾರು? ಹಳೇ ಗೈಡುಗಳಲ್ಲಿ ರಾಜ ನೃಪತುಂಗ ಅಂತಿರತ್ತೆ, ಈಗಿನ ನೋಟ್ಸಲ್ಲಿ ಅವನ ಆಸ್ಥಾನದ ಕವಿ ಶ್ರೀವಿಜಯ ಅಂತಿರತ್ತೆ. ನಾವು ಓದೋವಾಗ ಎರಡನ್ನೂ ಉರು ಹೊಡೆದು, ಯಾವ ಮೇಷ್ಟ್ರು ಪೇಪರ್ ತಿದ್ತಾರೋ ನೋಡ್ಕೊಂಡು ಒಂದನ್ನ ಬರೀತಿದ್ವಿ, ನಗ್ಬೇಡ. ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಹಾಕಿಸ್ದಾಗ ಅದನ್ನ ರಾಷ್ಟ್ರಕೂಟ ರಾಜ ನೃಪತುಂಗನ ಕೃತಿ ಅಂತಲೇ ತಂದ್ರು. ಆದ್ರೆ ಗ್ರಂಥದೊಳಗೆ ಪರಿಚ್ಛೇದ ಮುಗಿಯೋ ಕಡೆ ಇರೋದು "ನೃಪತುಂಗದೇವಾನುಮತ" ಅನ್ನೋ ಮಾತು. ಅದನ್ನ ಬಿಡಿಸಿ ನೋಡು: ನೃಪತುಂಗದೇವ, ಅನುಮತ. ಅನುಮತ ಅಂದ್ರೆ ಒಪ್ಪಿದ್ದು, ಅವನು ಬರೆದದ್ದು ಅಂತ ಎಲ್ಲಿದೆ? ರಾಜ ತಾನೇ ಬರೆದು ತಾನೇ ಒಪ್ಪಿದೀನಿ ಅಂತ ಯಾಕೆ ಹೇಳ್ಕೋತಾನೆ? ಇಷ್ಟು ಸಣ್ಣ ಪದ ಹಿಡ್ಕೊಂಡು ವಿದ್ವಾಂಸರು ದಶಕಗಟ್ಟಲೆ ವಾದ ಮಾಡಿದಾರೆ, ಇವತ್ತು ಹೆಚ್ಚಿನವರು ಶ್ರೀವಿಜಯನ ಕಡೆ. ನೀನು ಅಸೈನ್‌ಮೆಂಟಲ್ಲಿ ಹೆಸರು ಯಾವ್ದು ಅಂತಷ್ಟೇ ಬರೆದ್ರೆ ಉರು ಹೊಡೆದಂಗೆ. ಯಾವ ಪದದಿಂದ ಆ ಹೆಸರು ಬಂತು, ಆ ಪದ ನನಗೆ ಹಿಂಗೆ ಕಾಣತ್ತೆ ಅಂತ ನಾಲ್ಕು ಸಾಲು ಬರೆದ್ರೆ ಕೆಂಪು ಇಂಕು ಬರಲ್ಲ.

ಎಕನಾಮಿಕ್ಸಲ್ಲಿ ಪದ ಬಿಡು, ಅಲ್ಲಿ ಲೆಕ್ಕದ ಹಿಂದೆ ಬೀಳ್ಬೇಕು. ಅಮೆರಿಕದ ಬರ್ಕ್‌ಲಿ ಯೂನಿವರ್ಸಿಟಿಲಿ 1973ರಲ್ಲಿ ಪದವಿ ಮೇಲಿನ ಕೋರ್ಸಿಗೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು 44 ಪರ್ಸೆಂಟಿಗೆ ಸೀಟ್ ಸಿಕ್ತು, ಹೆಂಗಸರಲ್ಲಿ ಸುಮಾರು 35 ಪರ್ಸೆಂಟಿಗೆ. ಓದಿದ ತಕ್ಷಣ ಮೋಸ ಅನ್ಸುತ್ತೆ ಅಲ್ವಾ, ನಂಗೂ ಅನ್ನಿಸ್ತು. ಆದ್ರೆ ಒಂದೊಂದು ಡಿಪಾರ್ಟ್‌ಮೆಂಟನ್ನೂ ಬೇರೆ ಬೇರೆ ತೆಗೆದು ನೋಡಿದ್ರೆ ಹೆಚ್ಚಿನ ಕಡೆ ಹೆಂಗಸರಿಗೆ ಅನ್ಯಾಯ ಆಗಿದ್ದು ಕಾಣಲೇ ಇಲ್ಲ, ಯಾಕಂದ್ರೆ ಅವ್ರು ಜಾಸ್ತಿ ಅರ್ಜಿ ಹಾಕಿದ್ದೇ ಯಾರಿಗೂ ಸುಲಭಕ್ಕೆ ಸೀಟ್ ಸಿಗದ ಡಿಪಾರ್ಟ್‌ಮೆಂಟುಗಳಿಗೆ. ಹಂಗಂತ ಅಲ್ಲಿಗೇ ಮುಗೀತು ಅನ್ಬೇಡ, ಅಂಥಾ ಕಡೆಗೇ ಹೆಂಗಸರು ಯಾಕೆ ಹೋದ್ರು ಅನ್ನೋದು ಇನ್ನೊಂದು ಪ್ರಶ್ನೆ, ಅದು ಬೇಕಾದ್ರೆ ಸೋಷಿಯಾಲಜಿ. ನಿನ್ನ ಪುಸ್ತಕದಲ್ಲಿ ತಲಾ ಆದಾಯ ಬಂದಾಗ್ಲೂ ಇದೇ ಕೆಲ್ಸ ಮಾಡು, ಯಾರನ್ನೆಲ್ಲಾ ಸೇರಿಸಿ ಭಾಗಿಸಿದಾರೆ ಅಂತ ನೋಡು.

ಹಿಸ್ಟರಿಗೆ, ಶಾಸನ ಕೆತ್ತಿಸಿದವ್ರು ಯಾರು, ದುಡ್ಡು ಯಾರದ್ದು. ರಾಜ ತನ್ನ ಸೋಲನ್ನ ಕಲ್ಲಲ್ಲಿ ಕೆತ್ತಿಸ್ತಾನಾ?

ಎಲ್ಲಾ ಚಾಪ್ಟರಿಗೂ ಹಿಂಗೆ ಮಾಡೋಕೆ ಹೋದ್ರೆ ಸೆಮ್ ಮುಗಿಯಲ್ಲ, ವಾರಕ್ಕೊಂದು ಸಾಕು. ಮತ್ತೆ ಉರು ಹೊಡೆಯೋದನ್ನ ಪೂರ್ತಿ ಬಿಡ್ಬೇಡ ತಾಯಿ, ಇಸವಿ ಹೆಸರು ತಲೆಲಿ ಇಲ್ದಿದ್ರೆ ವಿಚಾರ ಮಾಡೋಕೆ ಸಾಮಾನೇ ಇರಲ್ಲ.

ಪ್ರಶ್ನೆ: ನಾನು ಬಿಎಸ್ಸಿ. ಪೆಂಡುಲಂ ಪ್ರಾಕ್ಟಿಕಲ್‌ನಲ್ಲಿ ನನ್ನ ಜಿ ವ್ಯಾಲ್ಯೂ (ಗುರುತ್ವದ ವೇಗೋತ್ಕರ್ಷ, ಸೆಂ.ಮೀ./ಸೆ² ಲೆಕ್ಕದಲ್ಲಿ) 960 ಬಂತು, 980 ಬರ್ಬೇಕಿತ್ತು. ಎಲ್ಲಾರೂ ರೀಡಿಂಗ್ ತಿದ್ದಿ 980 ತಂದ್ರು. ನಾನೂ ತಿದ್ಲಾ?
– ಹೆಸರು ಬೇಡ

ಉತ್ತರ: ನಾನೂ ತಿದ್ದಿದೀನಪ್ಪ, ಸುಳ್ಳು ಹೇಳಲ್ಲ, ಹಿಂದುಗಡೆಯಿಂದ ಲೆಕ್ಕ ಮಾಡಿ 979.6 ತಂದು ಗುಡ್ ಅನ್ನಿಸ್ಕೊಂಡಿದ್ದೆ. ಆದ್ರೆ ನಿನ್ನ 960 ನನ್ನ 979.6ಗಿಂತ ಚೆನ್ನಾಗಿದೆ. ಸುಮಾರು ಎರಡು ಪರ್ಸೆಂಟ್ ಕಮ್ಮಿ ಬಂದಿದೆ, ಅಂದ್ರೆ ಎಲ್ಲೋ ಒಂದೇ ಕಡೆ ತಪ್ಪಿರ್ಬಹುದು. ದಾರದ ಉದ್ದ ಕೊಕ್ಕೆವರೆಗೆ ಅಳೆದ್ಯಾ ಗುಂಡಿನ ಮಧ್ಯದವರೆಗೆ ಅಳೆದ್ಯಾ? ಅರ್ಧ ಮೀಟರ್ ಪೆಂಡುಲಂನಲ್ಲಿ ಒಂದು ಸೆಂಟಿಮೀಟರ್ ಬಿಟ್ಟೋದ್ರೆ ಉದ್ದ ಎರಡು ಪರ್ಸೆಂಟ್ ಕಮ್ಮಿ, ಜಿ ಕೂಡ ಅಷ್ಟೇ ಕಮ್ಮಿ. ಅದಲ್ದಿದ್ರೆ ಸ್ಟಾಪ್‌ವಾಚ್ ಒತ್ತುವಾಗ ಎಣಿಕೆ ಸೊನ್ನೆಯಿಂದ ಶುರು ಮಾಡಿದ್ಯಾ ಒಂದರಿಂದಾನಾ ನೋಡು, ಆದ್ರೆ ಒಂದರಿಂದ ಶುರು ಮಾಡಿದ್ರೆ ಜಿ ಕಮ್ಮಿ ಅಲ್ಲ, ಜಾಸ್ತಿ ಬರತ್ತೆ, ಹಂಗಾಗಿ ನನಗೆ ಗುಂಡಿನ ಮೇಲೇ ಅನುಮಾನ. ಲ್ಯಾಬ್ ಅಟೆಂಡರ್‌ನ ಕೇಳ್ಕೊಂಡು ಇನ್ನೊಂದ್ಸಲ ಅಳೀ, ರೆಕಾರ್ಡಲ್ಲಿ ಎರಡೂ ಬರೀ.