ಮಲ್ಪೆಯಿಂದ ಬಂದ ಎರಡು ಬರಹಗಳಿಗೆ ಒಂದು ಉತ್ತರ

ನಮಸ್ಕಾರ.

ನೀವು ನಮ್ಮ ಪತ್ರಿಕೆಗೆ ಕಳಿಸಿದ ಎರಡೂ ಬರಹ ಓದಿದೆ. ಒಂದು, ಮಳೆಗಾಲದ ಮೀನುಗಾರಿಕೆ ನಿಷೇಧದ ಬಗ್ಗೆ ಲೇಖನ. ಇನ್ನೊಂದು, ನಿಮ್ಮ ಮಾವನ ಜೊತೆ ಮಲ್ಪೆ ಬಂದರಿನಲ್ಲಿ ಕಳೆದ ಮಧ್ಯಾಹ್ನದ ಬಗ್ಗೆ ಲಲಿತ ಪ್ರಬಂಧ. "ಗಂಭೀರ ಶೈಲಿ, ಹಗುರ ಶೈಲಿ ಎರಡೂ ನನಗೆ ಬರುತ್ತದೆಯಾ, ಮುಲಾಜಿಲ್ಲದೆ ಹೇಳಿ" ಎಂದು ಕೇಳಿದ್ದೀರಿ. ಮುಲಾಜಿಲ್ಲದೆ ಹೇಳುವುದಾದರೆ, ಈಗ ಇರುವ ಹಾಗೆ ಎರಡನ್ನೂ ಪ್ರಕಟಿಸುವುದಿಲ್ಲ. ಆದರೆ ಪ್ರಬಂಧದಲ್ಲಿ ಒಂದು ಪ್ಯಾರಾ ಇದೆ. ಅದನ್ನು ಓದಿದ ಮೇಲೆ ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಿರಲು ಮನಸ್ಸಾಗಲಿಲ್ಲ.

ಮೊದಲು ಲೇಖನ. "ಅನಾದಿ ಕಾಲದಿಂದಲೂ ಮಾನವನು ಸಮುದ್ರದೊಂದಿಗೆ ಅವಿನಾಭಾವ ಸಂಬಂಧ ಹೊಂದಿದ್ದಾನೆ" ಎಂದು ಶುರು ಮಾಡಿದ್ದೀರಿ. ಅದನ್ನು ಹೊಡೆದು ಹಾಕಿ. ಅದರ ನಂತರದ ಎರಡು ವಾಕ್ಯಗಳನ್ನೂ. ಯಾರೂ ಅವನ್ನು ಹುಡುಕಿಕೊಂಡು ಬರುವುದಿಲ್ಲ.

ನಿಜವಾದ ತೊಂದರೆ ನಾಲ್ಕನೇ ವಾಕ್ಯದ್ದು: "ನಿಷೇಧದ ಅನುಷ್ಠಾನದ ಹಿನ್ನೆಲೆಯಲ್ಲಿ ಕರಾವಳಿಯ ಮೀನುಗಾರಿಕೆಯು ಸಂಪೂರ್ಣ ಸ್ತಬ್ಧಗೊಂಡು, ಮೀನುಗಾರ ಸಮುದಾಯದ ಆರ್ಥಿಕ ಪರಿಸ್ಥಿತಿಯ ಮೇಲೆ ಪ್ರತಿಕೂಲ ಪರಿಣಾಮಗಳು ಉಂಟಾಗುತ್ತಿರುವುದು ಕಂಡುಬರುತ್ತಿದೆ." ವ್ಯಾಕರಣ ಸರಿ ಇದೆ. ಕೇಳಲಿಕ್ಕೆ ಘನವಾಗಿಯೂ ಇದೆ. ಆದರೆ ಯಾರಿಗೆ ಕಂಡುಬರುತ್ತಿದೆ? ಯಾವ ಪರಿಣಾಮ? ಯಾರ ಮನೆಯಲ್ಲಿ? ಇಡೀ ವಾಕ್ಯದಲ್ಲಿ ಒಬ್ಬ ಮನುಷ್ಯನೂ ಇಲ್ಲ, ಒಂದು ಬೋಟೂ ಇಲ್ಲ.

ಅಷ್ಟೇ ಆಗಿದ್ದರೆ ನಾನೇ ತಿದ್ದಿಕೊಳ್ಳುತ್ತಿದ್ದೆ. ವಾಕ್ಯ ತಪ್ಪು ಮಾಹಿತಿ ಕೊಡುತ್ತಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಡಲಿಗೆ ಇಳಿಯಬಾರದು ಎಂದಿರುವುದು ಯಾಂತ್ರಿಕ ಬೋಟ್‌ಗಳಿಗೆ, ಅಂದರೆ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟ್, ಮೀನಿನ ಗುಂಪಿನ ಸುತ್ತ ಬಲೆ ಬೀಸುವ ಪರ್ಸೀನ್ ಬೋಟ್ ಇಂಥವಕ್ಕೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳು ಹೋಗಬಹುದು. ಕಡಲು ಸ್ವಲ್ಪ ತಣ್ಣಗಾದ ದಿನ ಅವು ಹೋಗುತ್ತವೆ ಕೂಡ. ಇದು ನಿಮಗೆ ಗೊತ್ತಿಲ್ಲದ ವಿಷಯ ಅಲ್ಲ. ನಿಮ್ಮ ಪ್ರಬಂಧದಲ್ಲೇ ಮಾವ "ನಾಳೆ ನಾಡದೋಣಿ ಹೋಗಬಹುದು" ಎನ್ನುತ್ತಾರೆ! ಒಟ್ಟಿಗೇ ಬಂದ ಎರಡು ಬರಹ, ಒಂದು ಇನ್ನೊಂದನ್ನು ಸುಳ್ಳು ಮಾಡುತ್ತಿದೆ.

ಹೀಗೆ ಯಾಕಾಯಿತು? ನನ್ನ ಅಂದಾಜು ಇಷ್ಟು. ಲೇಖನ ಬರೆಯಲು ಕೂತಾಗ ನೀವು ಮಲ್ಪೆಯನ್ನು ಬದಿಗಿಟ್ಟು, ಲೇಖನದ ಹಾಗೆ ಕೇಳಿಸುವ ಮಾತುಗಳನ್ನು ಹುಡುಕಲು ಹೊರಟಿರಿ. "ಸಂಪೂರ್ಣ ಸ್ತಬ್ಧ" ಸಿಕ್ಕಿತು, ಹಾಕಿದಿರಿ. ಮಬ್ಬು ವಾಕ್ಯದ ದೊಡ್ಡ ಅಪಾಯ ಇದೇ. ಒಳಗಿರುವ ತಪ್ಪು ಓದುವವರಿಗಿಂತ ಮೊದಲು ಬರೆದವರಿಗೇ ಕಾಣುವುದಿಲ್ಲ.

ಅದನ್ನೇ ಹೀಗೆ ಬರೆದು ನೋಡಿ: "ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಟ್ರಾಲ್ ಬೋಟ್‌ಗಳೂ ಪರ್ಸೀನ್ ಬೋಟ್‌ಗಳೂ ಬಂದರಿನಲ್ಲೇ ನಿಲ್ಲುತ್ತವೆ. 10 ಅಶ್ವಶಕ್ತಿವರೆಗಿನ ನಾಡದೋಣಿಗಳಿಗೆ ಈ ತಡೆ ಇಲ್ಲ. ಹಿಡಿದ ಮೀನಿನ ಲೆಕ್ಕದಲ್ಲಿ ಪಾಲು ಪಡೆಯುವ ಬೋಟಿನ ಕೆಲಸಗಾರರಿಗೆ ಈ 61 ದಿನ ಪಾಲು ಇಲ್ಲ." ಇದು ಪೂರ್ತಿ ಔಪಚಾರಿಕ ಬರಹವೇ. ಮೀನುಗಾರಿಕೆ ಇಲಾಖೆಯ ಅಧಿಕಾರಿಯ ಮೇಜಿನ ಮೇಲಿಟ್ಟರೂ ಮುಜುಗರ ಇಲ್ಲ. ಏಳನೇ ಕ್ಲಾಸಿನ ಹುಡುಗಿಗೂ ಅರ್ಥವಾಗುತ್ತದೆ. ಇನ್ನೊಂದು ಲಾಭ ಉಂಟು. ಹೀಗೆ ಬರೆದ ಕೂಡಲೇ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಪಾಲು ಇಲ್ಲದಿದ್ದರೆ ಮನೆ ಹೇಗೆ ನಡೆಯುತ್ತದೆ? ಬೋಟಿನ ಮಾಲಕರು ಮುಂಗಡ ಕೊಡುತ್ತಾರಾ? ಹೊರ ರಾಜ್ಯದಿಂದ ಬಂದ ಕೆಲಸಗಾರರು ಊರಿಗೆ ಹೋದರೆ ಎಲ್ಲರೂ ವಾಪಸ್ ಬರುತ್ತಾರಾ? ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು ಈ ಎರಡು ತಿಂಗಳು ಏನು ಮಾರುತ್ತಾರೆ? ನಿಮ್ಮ ಲೇಖನದಲ್ಲಿ ಇವು ಯಾವುದೂ ಇಲ್ಲ. "ಪ್ರತಿಕೂಲ ಪರಿಣಾಮ" ಎಂದು ಬರೆದರೆ ಎಲ್ಲ ಹೇಳಿ ಮುಗಿಸಿದ ಹಾಗೆ ಅನಿಸುತ್ತದೆ, ಅಲ್ವಾ? ಹಾಗಾಗಿ ಕೇಳುವ ಗೋಜಿಗೆ ಹೋಗಲಿಲ್ಲ.

ನಿಷೇಧ ಯಾಕೆ ಎನ್ನುವುದನ್ನೂ ನೇರವಾಗಿ ಹೇಳಿ. ಮಳೆಗಾಲ ಹಲವು ಜಾತಿಯ ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. "ಪರಿಸರ ಸಂರಕ್ಷಣೆಯ ಸಮಗ್ರ ದೃಷ್ಟಿಕೋನ" ಬೇಡ.

ಜೊತೆಗಿನ ಪತ್ರದಲ್ಲಿ, ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ಊರಿಗೆ ಬರೆಯುವಾಗ ಭಾಷೆ ಘನವಾಗಿರಬೇಕು ಅನಿಸಿತು ಎಂದಿದ್ದೀರಿ. 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರತಂದ 'ಮಂಗಳೂರ ಸಮಾಚಾರ'ದ ಅಭಿಮಾನ ನನಗೂ ಇದೆ. ಆದರೆ ಅದರಲ್ಲೂ ಊರಿನ ವರ್ತಮಾನ, ಸರಕಾರದ ಕಾನೂನು, ಕಥೆ ಎಲ್ಲ ಅಕ್ಕಪಕ್ಕದಲ್ಲೇ ಇದ್ದವು. ಘನತೆಯ ಭಾರವನ್ನು ಆ ಪತ್ರಿಕೆಯ ತಲೆ ಮೇಲೆ ಹೊರಿಸಬೇಡಿ.

ಈಗ ಪ್ರಬಂಧ. ಇಲ್ಲಿ ಕಾಯಿಲೆ ಬೇರೆ. ಲೇಖನದಲ್ಲಿ ಕೋಟು ಹಾಕಿಕೊಂಡಿದ್ದ ನೀವು ಇಲ್ಲಿ ಬೇಕೆಂದೇ ಅಂಗಿಯ ಗುಂಡಿ ಬಿಚ್ಚಿದ್ದೀರಿ. ಒಂದು ಪುಟದಲ್ಲಿ ಒಂಬತ್ತು ಸಲ "ಮಾರಾಯ್ರೆ". ಎರಡು ಸಾಕು. ವಾಕ್ಯಕ್ಕೊಂದು ಆಶ್ಚರ್ಯ ಚಿಹ್ನೆ, ಪ್ಯಾರಾ ಕೊನೆಗೆ ಚುಕ್ಕಿಗಳ ಸಾಲು. ಒಂದು ಕಡೆ "ಹೋಗುತ್ತೇವೆ", ಮುಂದೆ "ಹೋಗ್ತೀವಿ", ಅದರ ಕೆಳಗೆ "ಹೋಗಿರುವೆವು". ಹಗುರ ಬರಹದಲ್ಲೂ ಕ್ರಿಯಾಪದ ಒಂದೇ ಮನೆಯದ್ದಾಗಿರಬೇಕು.

ನನಗೆ ಜಾಸ್ತಿ ಬೇಸರ ತಂದದ್ದು ಮಾವನ ಮಾತು. "ಏನ್ ಗುರು, ಸಖತ್ತಾಗಿದೆ ಇವತ್ತು" ಎಂದು ಅವರ ಬಾಯಲ್ಲಿ ಹಾಕಿದ್ದೀರಿ. ಅವರು ನಿಮ್ಮ ಹತ್ತಿರ ತುಳುವಿನಲ್ಲೇ ಮಾತಾಡುವುದು ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಈ ಬೆಂಗಳೂರಿನ ಹುಡುಗ ಎಲ್ಲಿಂದ ಬಂದ? ನಮ್ಮ ಕಡೆಯ ಬಹಳ ಬರಹಗಾರರಿಗೆ ಇದೊಂದು ಸಂಕಟ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಶಾಲೆಯಲ್ಲಿ ಪಾಠದ ಮೂಲಕ ಬಂದದ್ದು. ಅದಕ್ಕೇ ನಾವು ಮಾತಾಡಿದರೂ ಪುಸ್ತಕ ಓದಿದ ಹಾಗೆ ಇರುತ್ತದೆ ಎಂದು ಹೊರಗಿನವರು ತಮಾಷೆ ಮಾಡುವುದು. ಸಲುಗೆಯ ಕನ್ನಡ ಬೇಕಾದಾಗ ಸಿನಿಮಾದಿಂದ ಸಾಲ ತರುತ್ತೇವೆ. ಅಗತ್ಯ ಇಲ್ಲ. ಮಾವ ಹೇಳಿದ ತುಳು ವಾಕ್ಯ ಚಿಕ್ಕದಾಗಿದ್ದರೆ ಹಾಗೆಯೇ ಇಡಿ, ಸಂದರ್ಭದಿಂದ ಅರ್ಥವಾಗುವಂತೆ ನೋಡಿಕೊಳ್ಳಿ. ಉದ್ದ ಇದ್ದರೆ ನಮ್ಮ ಕರಾವಳಿಯ ಕನ್ನಡದಲ್ಲಿ ಬರೆಯಿರಿ: "ಈ ಗಾಳಿಯಲ್ಲಿ ಎಂತ ಮಾಡಲಿಕ್ಕುಂಟು? ನಾಳೆ ನೋಡುವಾ." ಇದು ಮೈಸೂರಿನ ಓದುಗರಿಗೂ ತಿಳಿಯುತ್ತದೆ.

ಇನ್ನು ಆ ಪ್ಯಾರಾ. "ಮಾವ ಹರಿದ ಬಲೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿದರು. ಕೈ ತನ್ನಷ್ಟಕ್ಕೆ ನೇಯುತ್ತಿತ್ತು. ಅವರು ಬಲೆಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಪರೀಕ್ಷೆಯ ಬಗ್ಗೆ ವಿಚಾರಿಸುತ್ತಿದ್ದರು." ಬಹಳ ಚೆನ್ನಾಗಿದೆ. ಇಲ್ಲಿ ಒಂದು ವಿಶೇಷಣವನ್ನೂ ದಂಡ ಮಾಡಿಲ್ಲ, ಮಾರಾಯ್ರೆಯೂ ಇಲ್ಲ. ಯಾವ ಶೈಲಿಯಲ್ಲಿ ಬರೆಯಬೇಕು ಎಂಬ ಚಿಂತೆ ಆ ಹೊತ್ತಿಗೆ ನಿಮಗೆ ಮರೆತು ಹೋಗಿರಬೇಕು.

ಇದನ್ನೇ ಲೇಖನಕ್ಕೆ ಹಾಕಬೇಕಾದರೆ ಎಷ್ಟು ಬದಲಿಸಬೇಕು, ಲೆಕ್ಕ ಹಾಕಿ. "ಮಾವ" ಹೋಗಿ "ಮಲ್ಪೆಯ ಮೀನುಗಾರರೊಬ್ಬರು" ಬರುತ್ತಾರೆ. ನಿಮ್ಮ ಪರೀಕ್ಷೆಯ ಮಾತು ಬೇಡ. ಅದರ ಜಾಗದಲ್ಲಿ, ನಿಷೇಧದ ಎರಡು ತಿಂಗಳಲ್ಲೇ ಬಲೆ, ಬೋಟುಗಳ ರಿಪೇರಿ ನಡೆಯುತ್ತದೆ ಎಂಬ ವಿಷಯ ಬರುತ್ತದೆ. ಉಳಿದದ್ದು ಹಾಗೇ ಇರಲಿ. ಹೆಬ್ಬೆರಳು ಎರಡೂ ಕಡೆ ಬೇಕು.

ದಾರಿದೀಪ ಉರಿಯುತ್ತಿಲ್ಲ ಎಂದು ಪಂಚಾಯತಿಗೆ ಅರ್ಜಿ ಬರೆಯುವುದು ಹೇಗೆ ಎಂದೂ ಕೇಳಿದ್ದೀರಿ. "ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಇರಲಿ, ಅದು ಕಚೇರಿಯ ಮರ್ಯಾದೆ. ಎರಡನೇ ವಾಕ್ಯದಲ್ಲಿ ದಾರಿದೀಪದ ಕಂಬದ ನಂಬರ್, ಅದು ಯಾವತ್ತಿನಿಂದ ಉರಿಯುತ್ತಿಲ್ಲ ಎನ್ನುವುದು ಬರಬೇಕು. ಗುಮಾಸ್ತರಿಗೆ ಬೇಕಾದದ್ದು ಅಷ್ಟೇ. "ಸಾರ್ವಜನಿಕರ ತೀವ್ರ ಸಂಕಷ್ಟ" ಬರೆಯದಿದ್ದರೂ ನಡೆಯುತ್ತದೆ.

ಎರಡನ್ನೂ ಮತ್ತೆ ಬರೆಯಿರಿ. ಲೇಖನವನ್ನು ಕಳಿಸುವ ಮೊದಲು ಮಾವನಿಗೆ ಓದಿ ಹೇಳಿ. ಅವರು ಎಲ್ಲಿ "ಹಾಗಲ್ಲ" ಎಂದು ತಡೆಯುತ್ತಾರೋ ಅಲ್ಲಿ ಪೆನ್ನು ಹಿಡಿದು ಕೂರಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಎಲ್ಲಿ ಸುಮ್ನೆ ತಲೆ ಆಡಿಸುತ್ತಾರೋ ಅಲ್ಲಿ ಇನ್ನೂ ಜಾಸ್ತಿ ಹುಷಾರು. ಅರ್ಥವಾಗಿಲ್ಲ ಎಂದು ಹೇಳಲು ಹಿರಿಯರಿಗೆ ಸಂಕೋಚ ಇರುತ್ತದೆ.

ಲೇಖನ ಜುಲೈ ಮೊದಲ ವಾರದೊಳಗೆ ಬರಲಿ. ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೆ ಅದನ್ನು ಯಾರು ಓದುತ್ತಾರೆ? ಪ್ರಬಂಧಕ್ಕೆ ಅವಸರ ಇಲ್ಲ. ಮತ್ತೆ, ದಯವಿಟ್ಟು ಯುನಿಕೋಡ್‌ನಲ್ಲಿ ಕಳಿಸಿ. 'ನುಡಿ' ತಂತ್ರಾಂಶದ ಹಳೇ ಫಾಂಟ್‌ನಿಂದ ಬದಲಾಯಿಸುವಾಗ ನಿಮ್ಮ ಒತ್ತಕ್ಷರ ಅರ್ಧ ಹಾರಿ ಹೋಗಿದ್ದವು.